ಚೆಂಡು ಕೆಳಗಿಳಿಯುವವರೆಗೆ: ಆಂದ್ರೆಸ್ ಇನಿಯೆಸ್ತಾ ಅವರ ಆಟದ ಬದುಕು

ಆಂದ್ರೆಸ್ ಇನಿಯೆಸ್ತಾ ಲುಹಾನ್ ಸ್ಪೇನ್ ದೇಶದ ನಿವೃತ್ತ ಫುಟ್‌ಬಾಲ್ ಆಟಗಾರ. ಬಾರ್ಸಿಲೋನಾ ಕ್ಲಬ್ಬಿನ ಮೊದಲ ತಂಡದಲ್ಲಿ 2002ರಿಂದ 2018ರವರೆಗೆ ಮಿಡ್‌ಫೀಲ್ಡರ್ ಆಗಿದ್ದರು. ಆಮೇಲೆ ಐದು ವರ್ಷ ಜಪಾನಿನ ವಿಸೆಲ್ ಕೋಬೆ ಪರವಾಗಿ, ಕೊನೆಗೆ ಒಂದು ಋತು ಅರಬ್ ಸಂಯುಕ್ತ ಸಂಸ್ಥಾನದ ಎಮಿರೇಟ್ಸ್ ಕ್ಲಬ್ ಪರವಾಗಿ ಆಡಿದರು. 2024ರ ಅಕ್ಟೋಬರ್ 8ರಂದು, 40ನೇ ವಯಸ್ಸಿನಲ್ಲಿ ಆಟಕ್ಕೆ ವಿದಾಯ ಹೇಳಿದರು. ಸ್ಪೇನ್ ಪರ 131 ಪಂದ್ಯ ಆಡಿ ಒಂದು ವಿಶ್ವಕಪ್, ಎರಡು ಯೂರೋಪಿಯನ್ ಚಾಂಪಿಯನ್‌ಶಿಪ್ ಗೆದ್ದ ತಂಡಗಳಲ್ಲಿದ್ದರು.

ಬಾರ್ಸಿಲೋನಾ ಪರ ಅವರು ಆಡಿದ ಅಧಿಕೃತ ಪಂದ್ಯಗಳು 674, ಹೊಡೆದ ಗೋಲುಗಳು 57. ಅಂದರೆ ಸುಮಾರು ಹನ್ನೆರಡು ಪಂದ್ಯಕ್ಕೆ ಒಂದು ಗೋಲು. ಅದೇ ಅಂಗಳದಲ್ಲಿ ಅವರ ಪಕ್ಕದಲ್ಲೇ ಆಡುತ್ತಿದ್ದ ಲಿಯೊನೆಲ್ ಮೆಸ್ಸಿ ಒಂದು ಋತುವಿನಲ್ಲೇ ಇದಕ್ಕಿಂತ ಹೆಚ್ಚು ಗೋಲು ಹೊಡೆದದ್ದುಂಟು. ಹಾಗಿದ್ದೂ ತಮ್ಮ ಕಾಲದ ಅತಿ ದೊಡ್ಡ ಆಟಗಾರರ ಸಾಲಿನಲ್ಲಿ ಇನಿಯೆಸ್ತಾ ಹೆಸರು ಬರುತ್ತದೆ. ಅದೇಕೆ ಎಂಬುದು ಗೋಲುಗಳ ಪಟ್ಟಿ ನೋಡಿದರೆ ತಿಳಿಯುವುದಿಲ್ಲ. ಇಕ್ಕಟ್ಟಿನಲ್ಲಿ ಅವರು ಚೆಂಡನ್ನು ಹೇಗೆ ನಡೆಸಿಕೊಂಡರು, ಗಡಿಬಿಡಿಯ ಗಳಿಗೆಯಲ್ಲಿ ಹೇಗೆ ಕಾದರು ಎಂಬುದನ್ನು ನೋಡಬೇಕು.

## ಲಾ ಮಾಂಚಾದ ಹುಡುಗ

ಸ್ಪೇನಿನ ನಡುಭಾಗದ ಒಣ ಬಯಲು ಸೀಮೆ ಲಾ ಮಾಂಚಾ. ಅಲ್ಲಿನ ಅಲ್ಬಸೇತೆ ಪ್ರಾಂತ್ಯದ ಫ್ವೆಂತೆಯಾಲ್ಬಿಯಾ ಎಂಬ ಹಳ್ಳಿಯಲ್ಲಿ 1984ರ ಮೇ 11ರಂದು ಇನಿಯೆಸ್ತಾ ಹುಟ್ಟಿದರು. ಜನಸಂಖ್ಯೆ ಸುಮಾರು ಎರಡು ಸಾವಿರ. ದ್ರಾಕ್ಷಿ ತೋಟಗಳ ಊರು. ತಂದೆ ಹೊಸೆ ಆಂತೋನಿಯೊ ಗಾರೆ ಕೆಲಸದವರು. ತಾಯಿಯ ಕಡೆಯ ಅಜ್ಜ ಅಜ್ಜಿಗೆ ಊರಿನಲ್ಲಿ ಲುಹಾನ್ ಎಂಬ ಹೆಸರಿನ ಬಾರ್ ಇತ್ತು. ಅಲ್ಲಿನ ಬಾರ್ ಎಂದರೆ ಬೆಳಿಗ್ಗೆ ಕಾಫಿ, ಮಧ್ಯಾಹ್ನ ಊಟ, ಸಂಜೆ ಹರಟೆ ಎಲ್ಲಕ್ಕೂ ಜನ ಸೇರುವ ಜಾಗ.

ಎಂಟು ವರ್ಷದವನಿರುವಾಗಲೇ ಹುಡುಗ ಜಿಲ್ಲಾ ಪಟ್ಟಣದ ಅಲ್ಬಸೇತೆ ಕ್ಲಬ್ಬಿನ ಮಕ್ಕಳ ತಂಡಕ್ಕೆ ಆಯ್ಕೆಯಾದ. ಹಳ್ಳಿಯಿಂದ ಪಟ್ಟಣಕ್ಕೆ ನಲವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ಅಭ್ಯಾಸವಿದ್ದ ದಿನವೆಲ್ಲ ಮನೆಯವರು ಅವನನ್ನು ಕರೆದುಕೊಂಡು ಹೋಗಿ, ಕಾದು ನಿಂತು, ಮತ್ತೆ ಕರೆದುಕೊಂಡು ಬರುತ್ತಿದ್ದರು. ಹುಡುಗನ ಮೈಕಟ್ಟು ಸಣ್ಣದು, ಮುಖ ಬಿಳಿಚು. ದೊಡ್ಡವನಾದ ಮೇಲೂ ಎತ್ತರ 171 ಸೆಂಟಿಮೀಟರ್ ದಾಟಲಿಲ್ಲ.

1996ರಲ್ಲಿ ಮ್ಯಾಡ್ರಿಡ್ ಸಮೀಪದ ಬ್ರುನೇತೆಯಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳ ಏಳು ಜನರ ತಂಡದ ಪಂದ್ಯಾವಳಿ ನಡೆಯಿತು. ಸ್ಪೇನಿನ ದೊಡ್ಡ ಕ್ಲಬ್ಬುಗಳೆಲ್ಲ ಕಣ್ಣಿಟ್ಟು ನೋಡುವ ಕೂಟ ಅದು. ಅಲ್ಬಸೇತೆಯ ಈ ಸಣಕಲು ಹುಡುಗನ ಆಟ ಬಾರ್ಸಿಲೋನಾದವರ ಕಣ್ಣಿಗೆ ಬಿತ್ತು. ಕ್ಲಬ್ಬಿನಿಂದ ಕರೆ ಬಂತು.

## ಲಾ ಮಾಸಿಯಾ: ಅಳುತ್ತಾ ಕಳೆದ ರಾತ್ರಿಗಳು

ಮಾಸಿಯಾ ಎಂದರೆ ಕೆಟಲಾನ್ ಭಾಷೆಯಲ್ಲಿ ತೋಟದ ಮನೆ. 1702ರಲ್ಲಿ ಕಟ್ಟಿದ ಕಲ್ಲಿನ ಮನೆಯೊಂದು ಕ್ಯಾಂಪ್ ನೌ ಕ್ರೀಡಾಂಗಣದ ಪಕ್ಕದಲ್ಲೇ ಇದೆ. 1979ರಿಂದ 2011ರವರೆಗೆ ಬಾರ್ಸಿಲೋನಾ ಕ್ಲಬ್ ಅದನ್ನು ದೂರದೂರುಗಳಿಂದ ಬಂದ ಕಿರಿಯ ಆಟಗಾರರ ವಸತಿಯಾಗಿ ಬಳಸಿತು. ಮಕ್ಕಳು ಅಲ್ಲಿಂದ ಶಾಲೆಗೆ ಹೋಗಿ ಬಂದು ಸಂಜೆ ಅಭ್ಯಾಸ ಮಾಡುತ್ತಿದ್ದರು. 1996ರ ಸೆಪ್ಟೆಂಬರಿನಲ್ಲಿ ಹನ್ನೆರಡರ ಇನಿಯೆಸ್ತಾನನ್ನು ತಂದೆ ತಾಯಿ ಅಲ್ಲಿ ಬಿಟ್ಟುಹೋದರು.

ಆ ಮೊದಲ ರಾತ್ರಿಯನ್ನು ಅವರು ಮುಂದೆ ಎಷ್ಟೋ ಸಲ ನೆನೆದಿದ್ದಾರೆ. ಮನೆಯ ನೆನಪಿಗೆ ಅತ್ತ ಅಳು ಅವತ್ತಿಗೆ ಮುಗಿಯಲಿಲ್ಲ, ತಿಂಗಳುಗಟ್ಟಲೆ ಹಿಂಬಾಲಿಸಿತು. ಅದೇ ಊರಿನಲ್ಲಿ ಆ ರಾತ್ರಿ ಉಳಿದಿದ್ದ ಅಪ್ಪನೂ ಸಂಕಟ ತಡೆಯಲಾರದೆ, ಮಗನನ್ನು ವಾಪಸು ಕರೆದುಕೊಂಡು ಹೋಗಿಬಿಡೋಣ ಎಂದು ಹಟ ಹಿಡಿದರಂತೆ. ತಾಯಿಯೇ ಮನಸ್ಸು ಗಟ್ಟಿಮಾಡಿಕೊಂಡು, ಹುಡುಗನಿಗೆ ಒಂದು ಅವಕಾಶ ಕೊಡಲೇಬೇಕು ಎಂದು ತಡೆದರು. ಒಂದು ಕುಟುಂಬದೊಳಗೆ ನಡೆದ ಈ ಚಿಕ್ಕ ವಾದದ ಫಲ ಮುಂದೆ ಎಷ್ಟು ದೂರ ಹೋಯಿತು ಎಂದು ನೆನೆದರೆ ಅಚ್ಚರಿಯಾಗುತ್ತದೆ.

1999ರಲ್ಲಿ ಹದಿನೈದು ವರ್ಷದೊಳಗಿನವರ ನೈಕಿ ಪ್ರೀಮಿಯರ್ ಕಪ್ ಫೈನಲ್ ಕ್ಯಾಂಪ್ ನೌನಲ್ಲಿ ನಡೆಯಿತು. ನಾಯಕನಾಗಿದ್ದ ಇನಿಯೆಸ್ತಾ ಗೆಲುವಿನ ಗೋಲು ಹೊಡೆದ. ಕೂಟದ ಶ್ರೇಷ್ಠ ಆಟಗಾರನೂ ಅವನೇ. ಬಹುಮಾನ ಕೊಟ್ಟವರು ಆಗ ಬಾರ್ಸಿಲೋನಾ ಹಿರಿಯರ ತಂಡದ ನಾಯಕರಾಗಿದ್ದ ಪೆಪ್ ಗ್ವಾರ್ಡಿಯೋಲಾ. ನೀನು ನನ್ನನ್ನು ನಿವೃತ್ತಿ ಮಾಡಿಸುತ್ತೀಯ, ಈ ಹುಡುಗ ನಮ್ಮಿಬ್ಬರನ್ನೂ ಮನೆಗೆ ಕಳಿಸುತ್ತಾನೆ ಎಂಬ ಅರ್ಥದ ಮಾತನ್ನು ಗ್ವಾರ್ಡಿಯೋಲಾ ಯುವ ಶಾವಿ ಹೆರ್ನಾಂದೆಸ್‌ಗೆ ಹೇಳಿದ್ದರು ಎಂಬುದು ಆ ಕ್ಲಬ್ಬಿನವರ ಬಾಯಲ್ಲಿ ಇಂದಿಗೂ ಇದೆ. ನಿಜದಲ್ಲಿ ಆದದ್ದೇ ಬೇರೆ. ಶಾವಿಯೂ ಇನಿಯೆಸ್ತಾರೂ ಹತ್ತಕ್ಕೂ ಹೆಚ್ಚು ವರ್ಷ ಜೊತೆಯಾಗಿ ಆಡಿದರು, ಗ್ವಾರ್ಡಿಯೋಲಾ ಅವರಿಬ್ಬರಿಗೂ ತರಬೇತುದಾರರಾಗಿ ಬಂದರು.

## ಹನ್ನೆರಡನೆಯ ಆಟಗಾರ

ಡಚ್ ತರಬೇತುದಾರ ಲೂಯಿ ವಾನ್ ಗಾಲ್ 2002ರ ಅಕ್ಟೋಬರ್ 29ರಂದು ಬೆಲ್ಜಿಯಂನ ಕ್ಲಬ್ ಬ್ರೂಗ್ ವಿರುದ್ಧದ ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ಹದಿನೆಂಟರ ಇನಿಯೆಸ್ತಾರನ್ನು ಮೊದಲ ಬಾರಿಗೆ ಅಂಗಳಕ್ಕಿಳಿಸಿದರು. ಸ್ಪೇನಿನ ಲೀಗ್‌ನಲ್ಲಿ ಮೊದಲ ಪಂದ್ಯ ಅದೇ ಡಿಸೆಂಬರಿನಲ್ಲಿ, ಮಯೋರ್ಕಾ ವಿರುದ್ಧ.

ಮುಂದಿನ ಆರು ವರ್ಷ ಅವರಿಗೆ ತಾಳ್ಮೆಯ ಪರೀಕ್ಷೆ. 2003ರಲ್ಲಿ ಬಂದ ಫ್ರಾಂಕ್ ರೈಕಾರ್ಡ್ ಅವರ ತಂಡದಲ್ಲಿ ಬ್ರೆಜಿಲ್‌ನ ರೊನಾಲ್ಡಿನೊ, ಪೋರ್ಚುಗಲ್‌ನ ಡೆಕೊ ಮಿಂಚುತ್ತಿದ್ದರು. 2004–05ರ ಲೀಗ್‌ನ 38 ಪಂದ್ಯಗಳಲ್ಲಿ 37ರಲ್ಲಿ ಇನಿಯೆಸ್ತಾ ಆಡಿದರು, ಆದರೆ ಬಹುಪಾಲು ಬದಲಿ ಆಟಗಾರನಾಗಿ. ಎಡ ಅಂಚು, ಬಲ ಅಂಚು, ನಡುಭಾಗ, ಎಲ್ಲಿ ಜಾಗ ಖಾಲಿಯೋ ಅಲ್ಲಿ. ಗೊಣಗಿದವರಲ್ಲ. 2006ರ ಮೇ 17ರಂದು ಪ್ಯಾರಿಸ್‌ನಲ್ಲಿ ಆರ್ಸೆನಲ್ ವಿರುದ್ಧ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲೂ ಅವರು ಹೊರಗೆ ಕೂತಿದ್ದರು. ಮೊದಲಾರ್ಧ ಮುಗಿದಾಗ ಬಾರ್ಸಿಲೋನಾ ಒಂದು ಗೋಲಿನಿಂದ ಹಿಂದಿತ್ತು. ಎಡ್‌ಮಿಲ್ಸನ್ ಬದಲು ಇನಿಯೆಸ್ತಾ ಒಳಗೆ ಬಂದರು, ಆಟದ ಹರಿವು ಬದಲಾಯಿತು, ತಂಡ 2–1ರಿಂದ ಗೆದ್ದಿತು. ಗೋಲು ಹೊಡೆದವರು ಬೇರೆಯವರು.

## ಅವರ ಆಟದ ಬಗೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇನಿಯೆಸ್ತಾ ಎಂದರೆ ಏನು ಎಂಬುದಕ್ಕೆ ಉತ್ತರ ಇರುವುದು ಇಲ್ಲೇ.

ಫುಟ್‌ಬಾಲ್‌ನಲ್ಲಿ ಚೆಂಡು ಕಾಲಿಗೆ ಬಂದ ಕೂಡಲೇ ಎದುರಾಳಿ ಮೈಮೇಲೆ ಬೀಳುತ್ತಾನೆ. ಬಹಳಷ್ಟು ಆಟಗಾರರು ಆಗ ಎರಡರಲ್ಲಿ ಒಂದು ಮಾಡುತ್ತಾರೆ: ಚೆಂಡನ್ನು ಬೇಗ ಸಾಗಹಾಕುತ್ತಾರೆ, ಇಲ್ಲವೇ ವೇಗದಿಂದ ಓಡಿ ತಪ್ಪಿಸಿಕೊಳ್ಳುತ್ತಾರೆ. ಇನಿಯೆಸ್ತಾಗೆ ದೊಡ್ಡ ವೇಗ ಇರಲಿಲ್ಲ, ದೇಹಬಲವೂ ಇರಲಿಲ್ಲ. ಅವರು ಎದುರಾಳಿ ಹತ್ತಿರ ಬರಲಿ ಎಂದು ಕಾಯುತ್ತಿದ್ದರು. ಅವನ ಕಾಲು ಚೆಂಡಿನತ್ತ ಚಾಚಿ, ಮೈಭಾರವೆಲ್ಲ ಒಂದು ಕಡೆಗೆ ವಾಲಿದ ಕ್ಷಣದಲ್ಲಿ ಇವರು ಇನ್ನೊಂದು ಕಡೆಗೆ ಜಾರಿಬಿಡುತ್ತಿದ್ದರು. ಕಾಲು ಚಾಚಿದವನು ಹಿಂದಕ್ಕೆ ತಿರುಗುವಷ್ಟರಲ್ಲಿ ಅವನ ಬೆನ್ನಹಿಂದಿನ ಜಾಗವೆಲ್ಲ ಬಾರ್ಸಿಲೋನಾದ್ದು.

ಇದಕ್ಕೆ ಅವರ ಮೆಚ್ಚಿನ ಸಾಧನ ಲಾ ಕ್ರೊಕೇತಾ. ಕ್ರೊಕೇತಾ ಸ್ಪೇನಿನ ಮನೆಮನೆಯಲ್ಲಿ ಕರಿಯುವ ಉದ್ದುದ್ದನೆಯ ತಿಂಡಿ, ನಮ್ಮ ಕಟ್ಲೆಟ್ಟಿನ ಹತ್ತಿರದ ನೆಂಟ. ಫುಟ್‌ಬಾಲ್‌ನಲ್ಲಿ ಆ ಹೆಸರಿನ ಚಮತ್ಕಾರ ಹೇಳಲು ಸುಲಭ: ಚೆಂಡನ್ನು ಒಂದು ಪಾದದ ಒಳಬದಿಯಿಂದ ಅಡ್ಡಕ್ಕೆ ತಳ್ಳಿ, ಅದು ಇನ್ನೊಂದು ಪಾದಕ್ಕೆ ತಾಕಿದ ಕೂಡಲೇ ಮುಂದಕ್ಕೆ ಒಯ್ಯುವುದು. ಎರಡೂ ಸ್ಪರ್ಶ ಒಂದೇ ಉಸಿರಿನಲ್ಲಿ ಆಗಬೇಕು. 1990ರ ದಶಕದ ಆರಂಭದಲ್ಲಿ ಬಾರ್ಸಿಲೋನಾದಲ್ಲಿ ಆಡಿದ ಡೆನ್ಮಾರ್ಕಿನ ಮೈಕಲ್ ಲೌಡ್ರಪ್ ಇದನ್ನು ಪ್ರಸಿದ್ಧಿಗೆ ತಂದವರು. ಬಾಲಕ ಇನಿಯೆಸ್ತಾಗೆ ಲೌಡ್ರಪ್ ಆರಾಧ್ಯದೈವ. ಇಬ್ಬರು ಕಾವಲುಗಾರರ ನಡುವೆ ಒಂದಡಿ ಜಾಗವಿದ್ದರೂ ಶಿಷ್ಯ ಅದರಲ್ಲಿ ನುಸುಳಿ ಹೋಗುತ್ತಿದ್ದುದನ್ನು ಎಷ್ಟು ಸಲ ನೋಡಿದರೂ ಕಣ್ಣಿಗೆ ದಣಿವಿಲ್ಲ.

ಬಾರ್ಸಿಲೋನಾದ ಪದ್ಧತಿಯೂ ಅವರಿಗೆ ಹೇಳಿಮಾಡಿಸಿದಂತಿತ್ತು. ಡಚ್ ಗುರು ಯೋಹಾನ್ ಕ್ರೈಫ್ ಅಲ್ಲಿ ಬೇರೂರಿಸಿದ ಅಭ್ಯಾಸಗಳಲ್ಲಿ ರೊಂಡೊ ಮುಖ್ಯವಾದುದು. ಕೆಲವರು ವೃತ್ತಾಕಾರವಾಗಿ ನಿಂತು ಒಂದೆರಡೇ ಸ್ಪರ್ಶದಲ್ಲಿ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸಬೇಕು, ನಡುವೆ ನಿಂತ ಒಬ್ಬಿಬ್ಬರು ಅದನ್ನು ಕಸಿಯಬೇಕು. ಚೆಂಡು ಕಳೆದುಕೊಂಡವನು ನಡುವಿಗೆ. ಮಕ್ಕಳಾಟದಂತೆ ಕಾಣುವ ಇದನ್ನು ಹನ್ನೆರಡರ ವಯಸ್ಸಿನಿಂದ ದಿನವೂ ಆಡಿದವನಿಗೆ, ಚೆಂಡು ಬರುವ ಮುಂಚೆಯೇ ಅದು ಎಲ್ಲಿಗೆ ಹೋಗಬೇಕು ಎಂಬುದು ಮನಸ್ಸಿನಲ್ಲಿ ತಯಾರಿರುತ್ತದೆ.

2008ರಲ್ಲಿ ಗ್ವಾರ್ಡಿಯೋಲಾ ತರಬೇತುದಾರರಾದ ಮೇಲೆ ಕಟ್ಟಿದ ನಡುಪಡೆಯಲ್ಲಿ ಸೆರ್ಗಿಯೊ ಬುಸ್ಕೆಟ್ಸ್ ಹಿಂದೆ ನಿಂತು ಕಾಯುತ್ತಿದ್ದರು, ಶಾವಿ ಆಟದ ಲಯ ಹಿಡಿಯುತ್ತಿದ್ದರು. ಎಡಕ್ಕಿದ್ದ ಇನಿಯೆಸ್ತಾ ಅವರ ಪಾಲಿಗೆ ಬಂದದ್ದು ಬೀಗ ತೆರೆಯುವ ಕೆಲಸ. ಶಾವಿ ಪಾಸ್‌ನಿಂದ ಎದುರಾಳಿಯ ಸಾಲು ಒಡೆದರೆ, ಇನಿಯೆಸ್ತಾ ಚೆಂಡಿನ ಸಮೇತ ತಾವೇ ಆ ಸಾಲಿನೊಳಗೆ ನಡೆದುಬಿಡುತ್ತಿದ್ದರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

## ಸ್ಟಾಂಫರ್ಡ್ ಬ್ರಿಜ್‌ನ ಹೊಡೆತ

2009ರ ಮೇ 6, ಲಂಡನ್‌ನಲ್ಲಿ ಚೆಲ್ಸಿ ಕ್ಲಬ್ಬಿನ ಸ್ಟಾಂಫರ್ಡ್ ಬ್ರಿಜ್ ಅಂಗಳ. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ಬಾರ್ಸಿಲೋನಾದಲ್ಲಿ ನಡೆದ ಮೊದಲ ಪಂದ್ಯ ಗೋಲಿಲ್ಲದೆ ಮುಗಿದಿತ್ತು. ಚೆಲ್ಸಿಯ ಮೈಕಲ್ ಎಸಿಯೆನ್ ಒಂಬತ್ತನೇ ನಿಮಿಷದಲ್ಲೇ ಗೋಲು ಹೊಡೆದರು. ಬಾರ್ಸಿಲೋನಾದ ಎರಿಕ್ ಅಬಿದಾಲ್ ಕೆಂಪು ಕಾರ್ಡ್ ಕಂಡು ಹೊರನಡೆದರು. ತಮಗೆ ಸಿಗಬೇಕಾದ ಪೆನಾಲ್ಟಿಗಳನ್ನು ರೆಫರಿ ನಿರಾಕರಿಸಿದರು ಎಂಬ ಚೆಲ್ಸಿಯವರ ಸಿಟ್ಟು ಇವತ್ತಿಗೂ ಆರಿಲ್ಲ, ಅದರಲ್ಲಿ ಹುರುಳಿಲ್ಲ ಎನ್ನುವಂತೆಯೂ ಇಲ್ಲ.

93ನೇ ನಿಮಿಷ. ಪೆನಾಲ್ಟಿ ಚೌಕದ ಅಂಚಿನಲ್ಲಿ ಮೆಸ್ಸಿ ಕೊಟ್ಟ ಚೆಂಡನ್ನು ಇನಿಯೆಸ್ತಾ ಬಲಗಾಲಿನ ಹೊರಬದಿಯಿಂದ ಬಾರಿಸಿದರು. ಗೋಲ್‌ಕೀಪರ್ ಪೀಟರ್ ಚೆಕ್ ಚಾಚಿದ ಕೈಗೆ ಸಿಗದೆ ಅದು ಮೇಲ್ಮೂಲೆ ಸೇರಿತು. ಒಟ್ಟು ಗೋಲುಗಳು ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬುದು ಆಗಿನ ನಿಯಮ. ಆ ಒಂದು ಗೋಲಿನಿಂದ ಬಾರ್ಸಿಲೋನಾ ಫೈನಲ್ ಮುಟ್ಟಿತು. ಕೆಟಲೋನಿಯಾದ ಜನ ಆ ರಾತ್ರಿ ಮಲಗಲಿಲ್ಲ. ಒಂಬತ್ತು ತಿಂಗಳ ಮೇಲೆ, 2010ರ ಫೆಬ್ರವರಿಯಲ್ಲಿ, ಮಧ್ಯ ಕೆಟಲೋನಿಯಾದಲ್ಲಿ ಹೆರಿಗೆಗಳು ಶೇ 16ರಷ್ಟು ಹೆಚ್ಚಾದವು ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೇಳಿತು. ಆ ಮಕ್ಕಳನ್ನು ಅಲ್ಲಿನ ಪತ್ರಿಕೆಗಳು ಇನಿಯೆಸ್ತಾ ಪೀಳಿಗೆ ಎಂದು ಕರೆದವು.

ಫೈನಲ್‌ಗೆ ಮುಂಚೆ ಅವರ ತೊಡೆಯ ಸ್ನಾಯುವಿಗೆ ಪೆಟ್ಟಾಗಿತ್ತು. ಗೋಲಿನತ್ತ ಜೋರಾಗಿ ಹೊಡೆಯಬಾರದು ಎಂಬ ಎಚ್ಚರಿಕೆಯೊಂದಿಗೇ ಮೇ 27ರಂದು ರೋಮ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಇಳಿದರು. ಹತ್ತನೇ ನಿಮಿಷದಲ್ಲಿ ನಡುಭಾಗದಿಂದ ಚೆಂಡನ್ನು ಮುನ್ನಡೆಸಿ ಸ್ಯಾಮುಯೆಲ್ ಎಟೊಗೆ ಕೊಟ್ಟ ಪಾಸ್ ಮೊದಲ ಗೋಲಾಯಿತು. ಬಾರ್ಸಿಲೋನಾ 2–0ರಿಂದ ಗೆದ್ದಿತು. ಲೀಗ್, ಕಿಂಗ್ಸ್ ಕಪ್, ಚಾಂಪಿಯನ್ಸ್ ಲೀಗ್, ಒಂದೇ ಋತುವಿನಲ್ಲಿ ಮೂರೂ ಅವರ ಕೈಸೇರಿದ್ದವು.

## ಗೆದ್ದ ಮೇಲೆ ಬಂದ ಕತ್ತಲೆ

ಇನ್ನು ಹೇಳುವುದನ್ನು ಇನಿಯೆಸ್ತಾ ತಾವೇ ತಮ್ಮ ಆತ್ಮಕಥೆಯಲ್ಲೂ ಸಂದರ್ಶನಗಳಲ್ಲೂ ಬಿಚ್ಚಿಟ್ಟಿದ್ದಾರೆ. ಅಷ್ಟೆಲ್ಲ ಗೆದ್ದ ಆ ಬೇಸಿಗೆಯಲ್ಲಿ ಅವರಿಗೆ ಯಾವುದರಲ್ಲೂ ರುಚಿ ಇಲ್ಲದಂತಾಯಿತು. ವೈದ್ಯಕೀಯ ತಪಾಸಣೆಗಳಲ್ಲಿ ಏನೂ ಸಿಗಲಿಲ್ಲ. ಸ್ನಾಯುವಿನ ನೋವು ಮಾತ್ರ ಹೋದಂತೆ ಮಾಡಿ ಮರಳಿ ಬರುತ್ತಿತ್ತು.

ಆಗಸ್ಟ್ 8ರಂದು ಇನ್ನೊಂದು ಪೆಟ್ಟು. ಬಾರ್ಸಿಲೋನಾ ನಗರದ ಇನ್ನೊಂದು ಕ್ಲಬ್ ಎಸ್ಪನ್ಯೋಲ್‌ನ ನಾಯಕ ದಾನಿ ಹಾರ್ಕೆ, ಇಟಲಿಯ ಫ್ಲಾರೆನ್ಸ್ ಬಳಿಯ ತರಬೇತಿ ಶಿಬಿರದಲ್ಲಿ ಹೋಟೆಲ್ ಕೋಣೆಯಲ್ಲಿದ್ದಾಗಲೇ ಹೃದಯಸ್ತಂಭನದಿಂದ ತೀರಿಕೊಂಡರು. ವಯಸ್ಸು 26. ಸ್ಪೇನಿನ ಕಿರಿಯರ ತಂಡಗಳಲ್ಲಿ ಒಟ್ಟಿಗೆ ಆಡುತ್ತಾ ಬೆಳೆದ ಗೆಳೆಯರು ಅವರಿಬ್ಬರು. ಸುದ್ದಿ ಕೇಳಿದ ಇನಿಯೆಸ್ತಾ ಕುಸಿದುಹೋದರು. ಆ ದಿನಗಳಲ್ಲಿ ಒಂದು ನಡುರಾತ್ರಿ, ಇಪ್ಪತ್ತೈದರ ಮಗ ತಮ್ಮ ಕೋಣೆಗೆ ಬಂದು, ನಿಮ್ಮ ಜೊತೆ ಮಲಗುತ್ತೇನೆ ಎಂದು ಕೇಳಿದ್ದನ್ನು ತಂದೆ ನೆನಪಿಸಿಕೊಂಡಿದ್ದಾರೆ. ಲಾ ಮಾಸಿಯಾದ ಮೊದಲ ರಾತ್ರಿ ಮಗನನ್ನು ಬಿಟ್ಟಿರಲಾರದೆ ಒದ್ದಾಡಿದ ಅದೇ ತಂದೆ.

ಮನಶ್ಶಾಸ್ತ್ರಜ್ಞರ ನೆರವು ಪಡೆದದ್ದನ್ನು ಇನಿಯೆಸ್ತಾ ಮುಚ್ಚಿಡಲಿಲ್ಲ. ಸಂಕಟವಾದಾಗ ಯಾರಿಗೂ ಹೇಳದೆ ಅಭ್ಯಾಸ ಬಿಟ್ಟು ಹೋಗಲು ಗ್ವಾರ್ಡಿಯೋಲಾ ಅವರಿಗೆ ಅನುಮತಿ ಕೊಟ್ಟಿದ್ದರು. ದೊಡ್ಡ ಕ್ಲಬ್ಬಿನ ಒತ್ತಡದ ನಡುವೆ ಆ ಒಂದು ಔದಾರ್ಯ ಎಷ್ಟೋ ಗೆಲುವುಗಳಿಗಿಂತ ದೊಡ್ಡದೆಂದು ನನಗನ್ನಿಸುತ್ತದೆ. 2010ರ ಏಪ್ರಿಲ್‌ನಲ್ಲಿ, ವಿಶ್ವಕಪ್‌ಗೆ ಎರಡು ತಿಂಗಳಿಗೂ ಕಡಿಮೆ ಇರುವಾಗ, ಅಭ್ಯಾಸದಲ್ಲಿ ಮತ್ತೆ ತೊಡೆ ಹಿಡಿಯಿತು. ದಕ್ಷಿಣ ಆಫ್ರಿಕಾಕ್ಕೆ ಹೋಗುವುದೇ ಅನುಮಾನವಾಯಿತು.

## 116ನೇ ನಿಮಿಷ

ಹೋದರು. ಡರ್ಬನ್‌ನ ಮೊದಲ ಪಂದ್ಯದಲ್ಲಿ ಸ್ವಿಟ್ಜರ್ಲೆಂಡ್ ಎದುರು ಸ್ಪೇನ್ 0–1ರಿಂದ ಸೋತಿತು, ಇನಿಯೆಸ್ತಾ ಗಾಯಗೊಂಡು ಹೊರಬಂದರು. ಹೊಂಡುರಾಸ್ ವಿರುದ್ಧ ಆಡಲಿಲ್ಲ. ಗೆಲ್ಲಲೇಬೇಕಿದ್ದ ಚಿಲಿ ಪಂದ್ಯಕ್ಕೆ ಮರಳಿ ಒಂದು ಗೋಲು ಹೊಡೆದರು, ಸ್ಪೇನ್ 2–1ರಿಂದ ಮುಂದೆ ಸಾಗಿತು. ಆಮೇಲೆ ಪೋರ್ಚುಗಲ್, ಪರಾಗ್ವೆ, ಜರ್ಮನಿ, ಮೂರನ್ನೂ ಸ್ಪೇನ್ ಒಂದೊಂದೇ ಗೋಲಿನಿಂದ ದಾಟಿತು.

ಜುಲೈ 11ರಂದು ಜೊಹಾನೆಸ್‌ಬರ್ಗ್‌ನ ಸಾಕರ್ ಸಿಟಿಯಲ್ಲಿ ನೆದರ್ಲೆಂಡ್ಸ್ ವಿರುದ್ಧ ಫೈನಲ್. ಆಟ ಶುರುವಾದಾಗ ಭಾರತದಲ್ಲಿ ನಡುರಾತ್ರಿ ಹನ್ನೆರಡು ಗಂಟೆ. ಸುಂದರವಾದ ಪಂದ್ಯವೇನೂ ಅದಾಗಿರಲಿಲ್ಲ. ನೆದರ್ಲೆಂಡ್ಸ್‌ನ ನೈಜಲ್ ಡಿ ಯಾಂಗ್ ಸ್ಪೇನ್‌ನ ಶಾಬಿ ಅಲೊನ್ಸೊ ಎದೆಗೇ ಒದ್ದರು. ಇಂಗ್ಲೆಂಡಿನ ರೆಫರಿ ಹೊವರ್ಡ್ ವೆಬ್ ಜೇಬಿನಿಂದ ಹಳದಿ ಕಾರ್ಡ್ ತೆಗೆದು ತೆಗೆದು ವಿಶ್ವಕಪ್ ಫೈನಲ್‌ನ ದಾಖಲೆಯೇ ಆಯಿತು. ಒಬ್ಬಂಟಿಯಾಗಿ ನುಗ್ಗಿ ಬಂದ ಆರ್ಯೆನ್ ರಾಬೆನ್ ಹೊಡೆತವನ್ನು ಸ್ಪೇನ್ ನಾಯಕ ಇಕೆರ್ ಕಸಿಯಾಸ್ ಕಾಲಿನ ತುದಿಯಿಂದ ತಡೆದರು. 90 ನಿಮಿಷ ಗೋಲಿಲ್ಲದೆ ಮುಗಿಯಿತು.

ಹೆಚ್ಚುವರಿ ಅವಧಿಯಲ್ಲಿ ಎಲ್ಲರ ಕಾಲು ಸೋತಾಗ ಇನಿಯೆಸ್ತಾ ಆಟ ಅರಳಿತು. 109ನೇ ನಿಮಿಷದಲ್ಲಿ ಅವರನ್ನು ಎಳೆದು ತಡೆದ ಜಾನ್ ಹೈಟಿಂಗಾ ಎರಡನೇ ಹಳದಿ ಕಾರ್ಡ್ ಪಡೆದು ಹೊರಬಿದ್ದರು. ಏಳು ನಿಮಿಷದ ಮೇಲೆ ಎಡಗಡೆಯಿಂದ ಫರ್ನಾಂಡೊ ಟೊರೆಸ್ ಕಳಿಸಿದ ಚೆಂಡನ್ನು ಡಚ್ ಆಟಗಾರ ವಾನ್ ಡರ್ ವಾರ್ಟ್ ಪೂರ್ತಿ ದೂರ ತಳ್ಳಲಾಗದೆ ಹೋದರು. ಅದು ಸೆಸ್ಕ್ ಫಾಬ್ರೆಗಾಸ್ ಕಾಲಿಗೆ ಸಿಕ್ಕಿತು. ಫಾಬ್ರೆಗಾಸ್ ಬಲಕ್ಕೆ ದಾಟಿಸಿದರು. ಇನಿಯೆಸ್ತಾ ಮೊದಲ ಸ್ಪರ್ಶಕ್ಕೆ ಚೆಂಡು ನೆಲದಿಂದ ಮೇಲೆದ್ದಿತು.

ಪುಟಿದ ಚೆಂಡನ್ನು ಅವಸರದಲ್ಲಿ ಹೊಡೆದರೆ ಅದು ಗ್ಯಾಲರಿಗೆ ಹೋಗುತ್ತದೆ. ತಡಮಾಡಿದರೆ ಕಾವಲುಗಾರ ಬಂದು ಅಡ್ಡ ಬೀಳುತ್ತಾನೆ. ಆ ಕ್ಷಣ ತಮಗೆ ಸುತ್ತಲಿನದೇನೂ ಕೇಳಿಸಲಿಲ್ಲ, ಮೌನವನ್ನೇ ಕೇಳಿದೆ, ಚೆಂಡು ತಾನಾಗಿ ಕೆಳಗಿಳಿಯುವವರೆಗೆ ಕಾಯಬೇಕೆಂಬುದಷ್ಟೇ ಗೊತ್ತಿತ್ತು ಎಂಬರ್ಥದ ಮಾತನ್ನು ಅವರು ಮುಂದೆ ಹೇಳಿದ್ದಾರೆ. ಕಾದರು. ಇಳಿಯಿತು. ಬಲಗಾಲಿನಿಂದ ಬಾರಿಸಿದ ಚೆಂಡು ಗೋಲ್‌ಕೀಪರ್ ಸ್ಟೆಕೆಲೆನ್‌ಬರ್ಗ್ ಕೈಗೆ ತುಸು ತಾಗಿ ಬಲೆಯೊಳಗೆ ಹೋಯಿತು. ಸ್ಪೇನ್ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆಯಿತು.

ಮೂಲೆಯ ಬಾವುಟದತ್ತ ಓಡುತ್ತಾ ಇನಿಯೆಸ್ತಾ ಅಂಗಿ ಕಳಚಿದರು. ಒಳಗಿನ ಬಿಳಿ ಬನಿಯನ್ ಮೇಲೆ ಕೈಬರಹದಲ್ಲಿ ಒಂದು ಸಾಲು ಬರೆದಿತ್ತು: ದಾನಿ ಹಾರ್ಕೆ ಸದಾ ನಮ್ಮೊಂದಿಗೆ. ಅಂಗಿ ಕಳಚಿದ್ದಕ್ಕೆ ವೆಬ್ ನಿಯಮದಂತೆ ಹಳದಿ ಕಾರ್ಡ್ ತೋರಿಸಿದರು.

## ಸ್ಪೇನ್‌ನ ನಾಲ್ಕು ವರ್ಷ

ರಾಷ್ಟ್ರೀಯ ತಂಡದಲ್ಲಿ ಅವರ ಮೊದಲ ಪಂದ್ಯ 2006ರ ಮೇ 27ರಂದು ರಷ್ಯಾ ವಿರುದ್ಧ, ಅದೂ ಬಾಲ್ಯದಲ್ಲಿ ಆಡಲು ಹೋಗುತ್ತಿದ್ದ ಅಲ್ಬಸೇತೆ ಪಟ್ಟಣದಲ್ಲೇ. ಲೂಯಿಸ್ ಅರಗೋನೆಸ್ ಮಾರ್ಗದರ್ಶನದಲ್ಲಿ ಸ್ಪೇನ್ 2008ರ ಯೂರೋ ಗೆದ್ದಾಗ, ವಿಸೆಂತೆ ಡೆಲ್ ಬಾಸ್ಕೆ ಮಾರ್ಗದರ್ಶನದಲ್ಲಿ 2010ರ ವಿಶ್ವಕಪ್, 2012ರ ಯೂರೋ ಗೆದ್ದಾಗ ಅವರು ತಂಡದ ಜೀವನಾಡಿ. ಈ ಮೂರನ್ನೂ ಸಾಲಾಗಿ ಗೆದ್ದ ಬೇರೆ ದೇಶ ಅಲ್ಲಿಯವರೆಗೆ ಇರಲಿಲ್ಲ. 2012ರ ಯೂರೋದಲ್ಲಿ ಇನಿಯೆಸ್ತಾ ಒಂದು ಗೋಲನ್ನೂ ಹೊಡೆಯಲಿಲ್ಲ, ಆದರೂ ಕೂಟದ ಶ್ರೇಷ್ಠ ಆಟಗಾರ ಅವರೇ. ಕೀವ್‌ನ ಫೈನಲ್‌ನಲ್ಲಿ ಇಟಲಿಯನ್ನು 4–0ರಿಂದ ಮಣಿಸಿದ ರಾತ್ರಿ ಅವರ ಆಟ ನೋಡಿದವರಿಗೆ ಈ ತೀರ್ಪು ವಿಚಿತ್ರವೆನಿಸದು.

2014ರ ವಿಶ್ವಕಪ್‌ನಲ್ಲಿ ಸ್ಪೇನ್ ಗುಂಪು ಹಂತದಲ್ಲೇ ಹೊರಬಿತ್ತು. 2018ರ ಜುಲೈ 1ರಂದು ಮಾಸ್ಕೊದಲ್ಲಿ ಆತಿಥೇಯ ರಷ್ಯಾ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತ ಪಂದ್ಯ ಅವರ ಕೊನೆಯದು. ತಮ್ಮ ಪಾಲಿನ ಪೆನಾಲ್ಟಿಯನ್ನು ಅವರು ತಪ್ಪದೆ ಗೋಲಾಗಿಸಿದ್ದರು.

## ಸಿಗದೆ ಹೋದ ಚಿನ್ನದ ಚೆಂಡು

ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬಾಲೊನ್ ಡೋರ್ ಪ್ರಶಸ್ತಿಗೆ 2010ರಲ್ಲಿ ಕೊನೆಯ ಸುತ್ತಿಗೆ ಉಳಿದ ಮೂವರೂ ಲಾ ಮಾಸಿಯಾದಲ್ಲಿ ಕಲಿತವರು: ಮೆಸ್ಸಿ, ಇನಿಯೆಸ್ತಾ, ಶಾವಿ. ಒಂದೇ ಕ್ಲಬ್ಬಿನ ಶಾಲೆಗೆ ಅಂಥ ಗೌರವ ಬೇರೆಂದೂ ಸಿಕ್ಕಿಲ್ಲ. ಪ್ರಶಸ್ತಿ ಮೆಸ್ಸಿಗೆ ಹೋಯಿತು, ಇನಿಯೆಸ್ತಾ ಎರಡನೆಯವರು. 2012ರಲ್ಲಿ ಮೂರನೆಯವರು. ಅದೇ 2012ರಲ್ಲಿ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಅವರನ್ನು ಯೂರೋಪಿನ ಶ್ರೇಷ್ಠ ಆಟಗಾರ ಎಂದು ಆರಿಸಿತು. 2018ರಲ್ಲಿ ಪ್ರಶಸ್ತಿ ನೀಡುವ ಫ್ರಾನ್ಸ್ ಫುಟ್‌ಬಾಲ್ ಪತ್ರಿಕೆಯೇ ತನ್ನ ಸಂಪಾದಕೀಯದಲ್ಲಿ ಇನಿಯೆಸ್ತಾ ಅವರ ಕ್ಷಮೆ ಕೇಳಿತು. ಗೋಲು ಹೊಡೆದವನತ್ತ ಮೊದಲು ನೋಡುವ ಅಭ್ಯಾಸ ಮತ ಹಾಕುವವರಿಗೂ ತಪ್ಪಿದ್ದಲ್ಲ. 2010 ಇನಿಯೆಸ್ತಾ ಅವರ ವರ್ಷವಾಗಬೇಕಿತ್ತು ಎಂದು ನಂಬುವವರಲ್ಲಿ ನಾನೂ ಒಬ್ಬ.

## ಎದುರಾಳಿಯ ಅಂಗಳದ ಚಪ್ಪಾಳೆ

ಎಸ್ಪನ್ಯೋಲ್ ಮತ್ತು ಬಾರ್ಸಿಲೋನಾ ಒಂದೇ ಊರಿನ ಹಗೆಗಳು. 2010ರ ಡಿಸೆಂಬರಿನಲ್ಲಿ ಎಸ್ಪನ್ಯೋಲ್ ಅಂಗಳದಲ್ಲಿ ಬಾರ್ಸಿಲೋನಾ 5–1ರಿಂದ ಗೆದ್ದ ದಿನವೂ, ಇನಿಯೆಸ್ತಾರನ್ನು ಕಂಡ ಅಲ್ಲಿನ ಅಭಿಮಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾರ್ಕೆಯ ಹೆಸರನ್ನು ಜಗತ್ತಿನ ಕಣ್ಣೆದುರು ಹಿಡಿದವನಿಗೆ ಅವರು ಸಲ್ಲಿಸಿದ ಕೃತಜ್ಞತೆ ಅದು.

2015ರ ನವೆಂಬರ್ 21ರಂದು ಮ್ಯಾಡ್ರಿಡ್‌ನ ಬೆರ್ನಬೇವು ಅಂಗಳದಲ್ಲಿ ರಿಯಲ್ ಮ್ಯಾಡ್ರಿಡ್ 0–4ರಿಂದ ಸೋತಿತು. ಒಂದು ಗೋಲು ಹೊಡೆದ ಇನಿಯೆಸ್ತಾ ಬದಲಾವಣೆಯಾಗಿ ಹೊರಬರುವಾಗ ಮ್ಯಾಡ್ರಿಡ್ ಅಭಿಮಾನಿಗಳೂ ಚಪ್ಪಾಳೆ ಹೊಡೆದರು. ಅಲ್ಲಿ ಆ ಗೌರವ ಕಂಡ ಬಾರ್ಸಿಲೋನಾ ಆಟಗಾರರು ಮರಡೋನಾ, ರೊನಾಲ್ಡಿನೊ ಹೀಗೆ ಬೆರಳೆಣಿಕೆಯಷ್ಟು.

ಆ ಹೊತ್ತಿಗೆ ಅವರು ಬಾರ್ಸಿಲೋನಾದ ನಾಯಕ. ಅದೇ ವರ್ಷ ಜೂನ್ 6ರಂದು ಬರ್ಲಿನ್‌ನಲ್ಲಿ ಯುವೆಂಟಸ್ ವಿರುದ್ಧದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ, ನಾಲ್ಕನೇ ನಿಮಿಷದಲ್ಲಿ ಇವಾನ್ ರಾಕಿಟಿಚ್ ಹೊಡೆದ ಗೋಲಿಗೆ ಪಾಸ್ ಕೊಟ್ಟವರು ಅವರು. ಪಂದ್ಯದ ಶ್ರೇಷ್ಠರೂ ಅವರೇ. ವಿಶ್ವಕಪ್, ಯೂರೋ, ಚಾಂಪಿಯನ್ಸ್ ಲೀಗ್ ಮೂರರ ಫೈನಲ್‌ನಲ್ಲೂ ಆ ಗೌರವ ಅವರಿಗೆ ದಕ್ಕಿದಂತಾಯಿತು.

2018ರ ಏಪ್ರಿಲ್‌ನಲ್ಲಿ ಕಿಂಗ್ಸ್ ಕಪ್ ಫೈನಲ್‌ನಲ್ಲಿ ಸೆವಿಯಾ ವಿರುದ್ಧ ಗೋಲು ಹೊಡೆದ ಕೆಲವೇ ದಿನಗಳಲ್ಲಿ ಅವರು ಕ್ಲಬ್ ಬಿಡುವುದಾಗಿ ಕಣ್ಣೀರಿಡುತ್ತಾ ಘೋಷಿಸಿದರು. ಒಂಬತ್ತು ಲೀಗ್, ಆರು ಕಿಂಗ್ಸ್ ಕಪ್, ನಾಲ್ಕು ಚಾಂಪಿಯನ್ಸ್ ಲೀಗ್ ಸೇರಿ 32 ಪ್ರಶಸ್ತಿ ಗೆದ್ದಿದ್ದರು. ಕೊನೆಯ ಪಂದ್ಯ ಮೇ 20ರಂದು ರಿಯಲ್ ಸೊಸಿಯೆದಾದ್ ವಿರುದ್ಧ. ಅಭಿಮಾನಿಗಳು ಹೋದರು, ಸಹ ಆಟಗಾರರೂ ಹೋದರು. ನಡುರಾತ್ರಿ ದಾಟಿದ ಮೇಲೆ ಖಾಲಿ ಕ್ಯಾಂಪ್ ನೌ ಅಂಗಳದ ನಡುವೆ ಇನಿಯೆಸ್ತಾ ಬರಿಗಾಲಲ್ಲಿ ಒಬ್ಬರೇ ಕೂತಿದ್ದರು. ಪಕ್ಕದಲ್ಲೇ ಆ ಹಳೆಯ ತೋಟದ ಮನೆ.

## ಕೋಬೆ ಮತ್ತು ರಾಸ್ ಅಲ್ ಖೈಮಾ

ಬಾರ್ಸಿಲೋನಾ ವಿರುದ್ಧ ಆಡಲಾರೆ ಎಂದ ಅವರು ಯೂರೋಪನ್ನೇ ಬಿಟ್ಟರು. ಜಪಾನಿನ ವಿಸೆಲ್ ಕೋಬೆ ಕ್ಲಬ್ಬಿನ ಹಿಂದೆ ಇದ್ದದ್ದು ಹಿರೋಶಿ ಮಿಕಿತಾನಿ ಅವರ ರಾಕುಟೆನ್ ಕಂಪನಿ. ಆಗ ಬಾರ್ಸಿಲೋನಾ ಅಂಗಿಯ ಮೇಲೆ ಇದ್ದದ್ದೂ ಅದೇ ಹೆಸರು. 2020ರ ಜನವರಿ 1ರಂದು ಟೋಕಿಯೊದ ಹೊಸ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕಶಿಮಾ ಆಂಟ್ಲರ್ಸ್ ತಂಡವನ್ನು 2–0ರಿಂದ ಸೋಲಿಸಿ ಕೋಬೆ ಎಂಪರರ್ಸ್ ಕಪ್ ಗೆದ್ದಿತು. ಕ್ಲಬ್ಬಿನ ಇತಿಹಾಸದಲ್ಲಿ ಮೊದಲ ದೊಡ್ಡ ಪ್ರಶಸ್ತಿ ಅದು. 2023ರ ಜುಲೈಯಲ್ಲಿ ಇನಿಯೆಸ್ತಾ ಅಲ್ಲಿಂದ ಹೊರಟರು, ಆ ಋತುವಿನ ಕೊನೆಗೆ ಕೋಬೆ ಮೊದಲ ಬಾರಿ ಲೀಗ್ ಗೆದ್ದಿತು. ರಾಸ್ ಅಲ್ ಖೈಮಾದ ಎಮಿರೇಟ್ಸ್ ಕ್ಲಬ್‌ನಲ್ಲಿ ಅವರು ಕಳೆದ ಋತು ತಂಡದ ಕೆಳದರ್ಜೆಗೆ ಇಳಿಕೆಯೊಂದಿಗೆ ಮುಗಿಯಿತು. ನಿವೃತ್ತಿಗೆ ಅವರು ಆರಿಸಿಕೊಂಡ ತಾರೀಕು 8, ಬೆನ್ನ ಮೇಲೆ ಹೊತ್ತ ಸಂಖ್ಯೆ.

## ಬೆಂಗಳೂರಿಗೆ ಬಂದ ಒಂದು ಎಳೆ

ಇನಿಯೆಸ್ತಾ ಬೆಳೆದ ಆಟದ ಶಾಲೆಯ ಒಂದು ಕವಲು ಕಂಠೀರವ ಕ್ರೀಡಾಂಗಣಕ್ಕೂ ಬಂದಿದೆ. ರೈಕಾರ್ಡ್ ಕಾಲದಲ್ಲಿ ಬಾರ್ಸಿಲೋನಾದ ತರಬೇತಿ ಬಳಗದಲ್ಲಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಬೆಂಗಳೂರು ಎಫ್‌ಸಿ ತರಬೇತುದಾರರಾದರು. ಆ ವರ್ಷವೇ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿತು. ಅವರ ಬಳಿಕ ಬಂದ ಕಾರ್ಲೆಸ್ ಕ್ವಾದ್ರಾತ್ ಸ್ವತಃ ಲಾ ಮಾಸಿಯಾದಲ್ಲಿ ಕಲಿತವರು. ಬಾರ್ಸಿಲೋನಾದ ಕಿರಿಯರ ತಂಡಗಳಿಂದ ಬಂದ ಮಿಡ್‌ಫೀಲ್ಡರ್ ದಿಮಾಸ್ ಡೆಲ್ಗಾಡೊ ನಡುಭಾಗ ಹಿಡಿದಿದ್ದ ಕಾಲದಲ್ಲಿ, 2019ರ ಮಾರ್ಚಿನಲ್ಲಿ ತಂಡ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಆ ಫೈನಲ್‌ನ ಏಕೈಕ ಗೋಲು ಬಂದದ್ದೂ ಹೆಚ್ಚುವರಿ ಅವಧಿಯ ಕೊನೆಯ ನಿಮಿಷಗಳಲ್ಲಿ.

## ಊರಿನ ನಂಟು

ಹನ್ನೆರಡಕ್ಕೆ ಬಿಟ್ಟ ಊರನ್ನು ಇನಿಯೆಸ್ತಾ ಬಿಟ್ಟಿರಲೇ ಇಲ್ಲ. ಅಲ್ಬಸೇತೆ ಕ್ಲಬ್ ಹಣದ ಮುಗ್ಗಟ್ಟಿಗೆ ಸಿಕ್ಕಾಗ 2011ರಲ್ಲಿ 4.2 ಲಕ್ಷ ಯೂರೊ ತೊಡಗಿಸಿ ಅದರ ಅತಿದೊಡ್ಡ ಷೇರುದಾರರಾದರು. 2013ರಲ್ಲಿ ಆಟಗಾರರ ಸಂಬಳ ಬಾಕಿ ಉಳಿದು ಕ್ಲಬ್ಬನ್ನು ಕೆಳದರ್ಜೆಗೆ ತಳ್ಳುವ ಸ್ಥಿತಿ ಬಂದಾಗ ಮತ್ತೆ 2.4 ಲಕ್ಷ ಯೂರೊ ಸಾಲ ಕೊಟ್ಟು ಉಳಿಸಿದರು. ತಂಡ ಆಗ ಮೂರನೇ ದರ್ಜೆಯಲ್ಲಿತ್ತು.

ಫ್ವೆಂತೆಯಾಲ್ಬಿಯಾದಲ್ಲಿ ಕುಟುಂಬದ ದ್ರಾಕ್ಷಿ ತೋಟಗಳಿವೆ. 2010ರಲ್ಲಿ ಅಲ್ಲೇ ವೈನ್ ತಯಾರಿಕೆ ಶುರುವಾಯಿತು. ಅಲ್ಲಿ ತಯಾರಾಗುವ ಒಂದು ವೈನ್‌ಗೆ ಇಟ್ಟ ಹೆಸರು ‘ಮಿನುತೊ 116’.